ಮತ್ತೆ ಮತ್ತೆ ಮರಳುವ ಉರಿಮೂತ್ರ

ಜ್ವರ, ಕೆಮ್ಮು, ಮೊಣಕಾಲು ನೋವುಗಳ ವಿಚಾರವನ್ನು ನಾವು ನಾಲ್ಕು ಜನರೆದುರು ಹೇಳಿಕೊಳ್ಳುತ್ತೇವೆ. ಮೂತ್ರದ ಬಾಧೆಯನ್ನು ಮಾತ್ರ ಹೇಳಿಕೊಳ್ಳುವುದಿಲ್ಲ. ಅದರಲ್ಲಿಯೂ ತಾಯಂದಿರು ಮನೆಯವರಿಗೆ ಹೇಳಲು ಸಂಕೋಚಪಟ್ಟು, ವೈದ್ಯರ ಮುಂದೆಯೂ ಅರ್ಧ ನುಂಗಿ ಅರ್ಧವನ್ನಷ್ಟೇ ಹೇಳುತ್ತಾರೆ. ಎಲ್ಲವೂ ‘ಉಷ್ಣವಾಗಿದೆ’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹೋಗುತ್ತದೆ. ಎಳನೀರು ಕುಡಿದು, ನೆತ್ತಿಗೆ ಹರಳೆಣ್ಣೆ ಹಚ್ಚಿಕೊಂಡು ಎರಡು ದಿನ ತಳ್ಳುತ್ತಾರೆ. ಉರಿ ತಗ್ಗದಿದ್ದರೆ ಮಗನನ್ನೋ ಮೊಮ್ಮಗನನ್ನೋ ಔಷಧಿ ಅಂಗಡಿಗೆ ಕಳುಹಿಸಿ ನಾಲ್ಕು ಮಾತ್ರೆ ತರಿಸುತ್ತಾರೆ. ಮೊದಲನೆಯ ಮಾತ್ರೆಗೆ ಉರಿ ಇಳಿಯುತ್ತದೆ, ಎರಡನೆಯದಕ್ಕೆ ಕಾಯಿಲೆ ಮರೆತೇ ಹೋಗುತ್ತದೆ. ಉಳಿದೆರಡು ಮಾತ್ರೆಗಳು ‘ಮುಂದಿನ ಸಲಕ್ಕೆ ಇರಲಿ’ ಎಂದು ಗೋಡೆಯ ಗೂಡು ಸೇರುತ್ತವೆ. ಮುಂದಿನ ಸಲ ಬಂದೇ ಬರುತ್ತದೆ.

ಈ ಲೇಖನದಲ್ಲಿ ನಾವು ವಿಚಾರ ಮಾಡಹೊರಟಿರುವುದು ಆ ಮುಂದಿನ ಸಲದ ಬಗೆಗೆ. ಒಮ್ಮೆ ಬಂದು ಹೋಗುವ ಮೂತ್ರದ ಸೋಂಕು ಸಣ್ಣ ಕಾಯಿಲೆ. ಆರು ತಿಂಗಳೊಳಗೆ ಎರಡು ಬಾರಿ, ಇಲ್ಲವೆ ಒಂದು ವರ್ಷದೊಳಗೆ ಮೂರು ಬಾರಿ ಬಂದರೆ ವೈದ್ಯಶಾಸ್ತ್ರವು ಅದನ್ನು ‘ಮರುಕಳಿಸುವ ಸೋಂಕು’ ಎಂದು ಬೇರೆಯಾಗಿಯೇ ಪರಿಗಣಿಸುತ್ತದೆ. ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಮೂತ್ರದ ಸೋಂಕು ತಗಲುತ್ತದೆ. ಹಾಗೆ ತಗಲಿದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಅದು ಮರಳುತ್ತದೆ. ಆದುದರಿಂದ ಇದು ಯಾರೋ ಒಬ್ಬಿಬ್ಬರ ದುರದೃಷ್ಟವಲ್ಲ. ಪ್ರತಿ ಓಣಿಯಲ್ಲಿಯೂ ಇದನ್ನು ಮೌನವಾಗಿ ಅನುಭವಿಸುತ್ತಿರುವ ಹಲವರಿರುತ್ತಾರೆ.

ಆಯುರ್ವೇದವು ಮೂತ್ರವು ಕಷ್ಟದಿಂದ, ಉರಿಯಿಂದ ಹೊರಬೀಳುವ ಸ್ಥಿತಿಯನ್ನು ‘ಮೂತ್ರಕೃಚ್ಛ್ರ’ ಎಂದು ಕರೆದು ವಿಸ್ತಾರವಾಗಿ ವರ್ಣಿಸಿದೆ. ನಮ್ಮ ಹಿರಿಯರು ಅದನ್ನು ಉರಿಮೂತ್ರ ಎಂದರು. ಇಂದಿನ ಮಕ್ಕಳು ಯೂರಿನ್ ಇನ್ಫೆಕ್ಷನ್ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಲಕ್ಷಣಗಳು ಪರಿಚಿತವಾದವುಗಳೇ: ಮೂತ್ರ ಮಾಡುವಾಗ ಉರಿ, ಪದೇ ಪದೇ ಹೋಗಬೇಕೆಂಬ ಒತ್ತಡ, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆಯಲ್ಲಿ ನೋವು, ಕೆಲವೊಮ್ಮೆ ಮೂತ್ರದಲ್ಲಿ ರಕ್ತದ ಛಾಯೆ.

ಶತ್ರು ಹೊರಗಿನವನಲ್ಲ

ನಮ್ಮ ಎರಡು ಮೂತ್ರಪಿಂಡಗಳು ರಕ್ತವನ್ನು ಸೋಸಿ ಮೂತ್ರವನ್ನು ಸಿದ್ಧಪಡಿಸುತ್ತವೆ. ಅದು ಎರಡು ಸಪೂರ ನಾಳಗಳ ಮೂಲಕ ಇಳಿದು ಕಿಬ್ಬೊಟ್ಟೆಯಲ್ಲಿರುವ ಮೂತ್ರಾಶಯದಲ್ಲಿ ಸೇರಿ, ಅಲ್ಲಿಂದ ಹೊರನಾಳದ ಮೂಲಕ ವಿಸರ್ಜನೆಯಾಗುತ್ತದೆ. ಈ ಹೊರನಾಳವು ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೆ ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್ ಮಾತ್ರ. ಅದರ ಬಾಯಿಯೂ ಗುದದ್ವಾರಕ್ಕೆ ಸಮೀಪದಲ್ಲಿದೆ. ಈ ಕಾಯಿಲೆ ಹೆಣ್ಣುಮಕ್ಕಳಲ್ಲಿ ಇಷ್ಟು ಹೆಚ್ಚಾಗಿರುವುದಕ್ಕೆ ಮೊದಲ ಕಾರಣ ಇಷ್ಟೇ, ಶರೀರದ ರಚನೆ.

ಸೋಂಕು ತರುವ ಬ್ಯಾಕ್ಟೀರಿಯಾ ಬರುವುದು ಬಹುತೇಕ ನಮ್ಮದೇ ಕರುಳಿನಿಂದ. ಸಾಮಾನ್ಯ ಸೋಂಕುಗಳಲ್ಲಿ ನಾಲ್ಕರಲ್ಲಿ ಮೂರಕ್ಕಾದರೂ ಕಾರಣವಾಗಿರುವುದು ಇ. ಕೋಲಿ ಎಂಬ ಜೀವಿ. ಥಿಯೊಡೋರ್ ಎಷರಿಷ್ ಎಂಬ ವೈದ್ಯರು 1885ರಲ್ಲಿ ಶಿಶುಗಳ ಮಲದಲ್ಲಿ ಇದನ್ನು ಗುರುತಿಸಿ ವರ್ಣಿಸಿದರು. ಕರುಳಿನಲ್ಲಿರುವಾಗ ಅದು ನಿರುಪದ್ರವಿ. ಮೂತ್ರಾಶಯವನ್ನು ಹೊಕ್ಕಾಗ ಉಪದ್ರವಿ. ಅದರ ಮೈಮೇಲೆ ಕೂದಲೆಳೆಯಂತಹ ಕೊಂಡಿಗಳಿದ್ದು, ಅವುಗಳಿಂದ ಮೂತ್ರಾಶಯದ ಒಳಗೋಡೆಯನ್ನು ಹಿಡಿದುಕೊಳ್ಳುತ್ತದೆ. ಒಳಗೋಡೆಯ ಜೀವಕೋಶಗಳೊಳಗೆ ನುಸುಳಿ ಅಡಗಿಕೊಂಡು, ಔಷಧವು ಮುಗಿದ ಮೇಲೆ ಹೊರಬರುವುದೂ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸ್ಪಷ್ಟವಾಗಿ ಕಂಡುಬಂದಿದೆ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವುಂಟು. ಸೋಂಕು ಮರುಕಳಿಸಿದಾಗ ಮನೆಯವರು ಆಕೆಯ ಶುಚಿತ್ವವನ್ನು ಸಂದೇಹಿಸುತ್ತಾರೆ. ಆಕೆಯೂ ತನ್ನನ್ನು ತಾನೇ ಸಂದೇಹಿಸಿ, ಸೋಪು ಹಚ್ಚಿ, ಕ್ರಿಮಿನಾಶಕ ದ್ರಾವಣ ಬೆರೆಸಿದ ನೀರಿನಿಂದ ತೊಳೆದು, ಜಾಹೀರಾತಿನಲ್ಲಿ ಕಂಡ ವಿಶೇಷ ದ್ರವಗಳನ್ನು ಬಳಸಲಾರಂಭಿಸುತ್ತಾಳೆ. ಇದರಿಂದ ಕೇಡೇ ಹೆಚ್ಚು. ಯೋನಿಯ ಒಳಭಾಗದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿರುತ್ತವೆ. ಹಾಲನ್ನು ಮೊಸರಾಗಿಸುವ ಬಳಗಕ್ಕೆ ಸೇರಿದವುಗಳು ಅವು. ಆಮ್ಲವನ್ನು ಉತ್ಪಾದಿಸಿ ಕೆಟ್ಟ ಜೀವಿಗಳನ್ನು ದೂರವಿಡುವುದು ಅವುಗಳ ಕೆಲಸ. ಕಟುವಾದ ದ್ರಾವಣಗಳು ಮೊದಲು ನಾಶಮಾಡುವುದು ಇವುಗಳನ್ನೇ. ಬರಿಯ ನೀರಿನಿಂದ, ಮುಂದಿನಿಂದ ಹಿಂದಕ್ಕೆ, ಹೊರಭಾಗವನ್ನಷ್ಟೇ ತೊಳೆದುಕೊಂಡರೆ ಸಾಕು.

ಕಲ್ಚರ್ ಪರೀಕ್ಷೆಯೆಂಬ ಕನ್ನಡಿ

ಮರುಕಳಿಸುವ ಸೋಂಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೆ ಒಳಗಾದ ಹೆಜ್ಜೆಯೆಂದರೆ ಮೂತ್ರದ ಕಲ್ಚರ್ ಪರೀಕ್ಷೆ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಕೀವುಕಣಗಳಿವೆಯೇ ಎಂಬುದಷ್ಟೇ ತಿಳಿಯುತ್ತದೆ. ಕಲ್ಚರ್‌ನಲ್ಲಿ ಯಾವ ಜೀವಿ ಬೆಳೆಯಿತು, ಅದು ಯಾವ ಔಷಧಕ್ಕೆ ಮಣಿಯುತ್ತದೆ, ಯಾವುದಕ್ಕೆ ಮಣಿಯುವುದಿಲ್ಲ ಎಂಬುದು ತಿಳಿಯುತ್ತದೆ. ಫಲಿತಾಂಶಕ್ಕೆ ಎರಡು ದಿನ ಬೇಕಾಗುವುದರಿಂದ ‘ಉರಿಯನ್ನು ಸಹಿಸಿಕೊಂಡು ಎರಡು ದಿನ ಕಾಯಬೇಕೆ’ ಎಂದು ಕೇಳುವವರಿದ್ದಾರೆ. ಕಾಯಬೇಕಾಗಿಲ್ಲ. ಮಾದರಿಯನ್ನು ಕೊಟ್ಟ ಕೂಡಲೇ ವೈದ್ಯರು ಸೂಚಿಸಿದ ಔಷಧವನ್ನು ಆರಂಭಿಸಬಹುದು. ವರದಿ ಬಂದ ಮೇಲೆ ಅವಶ್ಯವಿದ್ದರೆ ವೈದ್ಯರು ಅದನ್ನು ಬದಲಿಸುತ್ತಾರೆ. ಮಾದರಿ ಕೊಡುವ ಮೊದಲು ಒಂದೇ ಒಂದು ಆಂಟಿಬಯಾಟಿಕ್ ಮಾತ್ರೆ ನುಂಗಿದ್ದರೂ ಪರೀಕ್ಷೆಯು ತಪ್ಪು ಹೇಳಬಹುದು ಎಂಬುದನ್ನು ಮಾತ್ರ ಮರೆಯಬಾರದು.

ಮಾದರಿ ಹಿಡಿಯುವುದರಲ್ಲಿಯೂ ಕ್ರಮವಿದೆ. ಕೈ ತೊಳೆದು, ಹೊರಭಾಗವನ್ನು ನೀರಿನಿಂದ ಶುಚಿಮಾಡಿಕೊಂಡು, ಮೊದಲ ಧಾರೆಯನ್ನು ಬಿಟ್ಟುಬಿಡಬೇಕು. ನಡುವಿನ ಧಾರೆಯನ್ನು ಪ್ರಯೋಗಾಲಯದವರು ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿಯಬೇಕು. ಕೊನೆಯದನ್ನು ಮತ್ತೆ ಬಿಡಬೇಕು. ಡಬ್ಬಿಯ ಒಳಗೆ ಬೆರಳು ತಾಗಬಾರದು. ಮನೆಯ ಹಳೆಯ ಔಷಧಿ ಸೀಸೆ, ಉಪ್ಪಿನಕಾಯಿ ಡಬ್ಬಿಗಳು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಾರವು. ಹಿಡಿದ ಮೂತ್ರವನ್ನು ಒಂದೆರಡು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಒಯ್ಯುವ ಬದಲು, ಅಲ್ಲಿಗೆ ಹೋಗಿಯೇ ಮಾದರಿ ಕೊಡುವುದು ಲೇಸು. ಬೇಸಿಗೆಯ ಬಸ್ಸಿನಲ್ಲಿ ಮೂರು ತಾಸು ಕುಳಿತ ಡಬ್ಬಿಯಲ್ಲಿ ಬ್ಯಾಕ್ಟೀರಿಯಾಗಳು ತಾವಾಗಿಯೇ ಬೆಳೆದು, ಇಲ್ಲದ ಕಾಯಿಲೆಯನ್ನು ತೋರಿಸುತ್ತವೆ.

ವರದಿಯನ್ನು ಓದುವುದು ಕಠಿಣವೇನಲ್ಲ. ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾಗಳಿದ್ದರೆ ಅದು ನಿಜವಾದ ಬೆಳವಣಿಗೆ ಎಂಬ ಅಳತೆಯನ್ನು ಅಮೆರಿಕದ ಎಡ್ವರ್ಡ್ ಕಾಸ್ ಅವರು 1956ರಲ್ಲಿ ಮುಂದಿಟ್ಟರು. ಉರಿ, ನೋವು ಇರುವವರಲ್ಲಿ ಅದಕ್ಕಿಂತ ಕಡಿಮೆ ಸಂಖ್ಯೆಯನ್ನೂ ಇಂದು ಸೋಂಕೆಂದೇ ಎಣಿಸುತ್ತಾರೆ. ಮೂರು ನಾಲ್ಕು ಬಗೆಯ ಜೀವಿಗಳು ಒಟ್ಟಿಗೆ ಬೆಳೆದಿವೆ ಎಂದಿದ್ದರೆ ಮಾದರಿಯು ಕಲಬೆರಕೆಯಾಗಿರುವ ಸಂಭವವೇ ಹೆಚ್ಚು, ಮತ್ತೊಮ್ಮೆ ಕೊಡಬೇಕು. ಕೆಳಗಿನ ಪಟ್ಟಿಯಲ್ಲಿ ಔಷಧಗಳ ಹೆಸರಿನ ಮುಂದೆ ಎಸ್ ಎಂದಿದ್ದರೆ ಜೀವಿಯು ಆ ಔಷಧಕ್ಕೆ ಮಣಿಯುತ್ತದೆ, ಆರ್ ಎಂದಿದ್ದರೆ ಮಣಿಯುವುದಿಲ್ಲ. ಇ.ಎಸ್.ಬಿ.ಎಲ್. ಎಂಬ ಅಕ್ಷರಗಳು ಕಂಡರೆ, ಹಲವು ಆಂಟಿಬಯಾಟಿಕ್‌ಗಳನ್ನು ಒಡೆದುಹಾಕುವ ಕಿಣ್ವವನ್ನು ಆ ಜೀವಿಯು ಕಲಿತುಕೊಂಡಿದೆ ಎಂದರ್ಥ. ಈ ವರದಿಗಳನ್ನು ಒಂದೂ ಎಸೆಯದೆ ಕಡತದಲ್ಲಿ ಕೂಡಿಡಬೇಕು. ಪ್ರತಿ ಸಲವೂ ಬೇರೆ ಬೇರೆ ಜೀವಿ ಬೆಳೆಯುತ್ತಿದ್ದರೆ ಹೊರಗಿನಿಂದ ಹೊಸದಾಗಿ ಒಳಸೇರುತ್ತಿದೆ ಎಂದು ತಿಳಿಯಬಹುದು. ಔಷಧ ಮುಗಿದ ಎರಡು ವಾರದೊಳಗೆ ಅದೇ ಜೀವಿ ಮರಳಿದರೆ ಒಳಗೆಲ್ಲೋ ಅದಕ್ಕೆ ಅಡಗುತಾಣವಿದೆ: ಮೂತ್ರಕಲ್ಲಿನಲ್ಲಿ, ಪೂರ್ತಿ ಖಾಲಿಯಾಗದ ಮೂತ್ರಾಶಯದಲ್ಲಿ, ಗಂಡಸರಾದರೆ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಆಗ ಸ್ಕ್ಯಾನಿಂಗ್ ಮಾಡಿಸಬೇಕಾಗುತ್ತದೆ. ಒಂದೇ ಒಂದು ವರದಿಯಿಂದ ತಿಳಿಯದ ಸಂಗತಿ ನಾಲ್ಕು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತಿಳಿಯುತ್ತದೆ.

ನಮ್ಮ ನಾಡಿನಲ್ಲಿ ಇನ್ನೂ ಒಂದು ಸಾಧ್ಯತೆಯನ್ನು ಮರೆಯುವಂತಿಲ್ಲ. ಮೂತ್ರದಲ್ಲಿ ಕೀವುಕಣಗಳು ಪದೇ ಪದೇ ಕಾಣುತ್ತವೆ, ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ, ಉರಿಯೂ ಬಿಡುವುದಿಲ್ಲ ಎಂದಾದರೆ ಮೂತ್ರಾಂಗಗಳ ಕ್ಷಯರೋಗವನ್ನು ಹುಡುಕಬೇಕು. ಕ್ಷಯವೆಂದರೆ ಶ್ವಾಸಕೋಶದ್ದು ಎಂದೇ ತಿಳಿದಿರುವ ನಮಗೆ ಇದು ಹೊಳೆಯುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಗೂಡಿನಲ್ಲಿ ಉಳಿದ ಮಾತ್ರೆ

ನಾರ್ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಎಂಬ ಹೆಸರುಗಳು ನಮ್ಮ ಮನೆಮನೆಗೂ ಪರಿಚಿತ. ಉರಿಮೂತ್ರವೆಂದೊಡನೆ ಅಂಗಡಿಯಲ್ಲಿ ದಶಕಗಳ ಕಾಲ ಕೈಗೆ ಬಂದವುಗಳು ಇವೇ. ಅದರ ಫಲವನ್ನು ಇಂದು ಉಣ್ಣುತ್ತಿದ್ದೇವೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಪರೀಕ್ಷಿಸಲಾದ ಇ. ಕೋಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಿಪ್ರೊಫ್ಲಾಕ್ಸಸಿನ್‌ಗೆ ಮಣಿಯುವುದಿಲ್ಲ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಾರ್ಷಿಕ ವರದಿಗಳಲ್ಲಿ ಮತ್ತೆ ಮತ್ತೆ ದಾಖಲಾಗಿದೆ. ಎರಡು ಮಾತ್ರೆ ನುಂಗಿ ನಿಲ್ಲಿಸಿದಾಗ ಸಾಯುವುದು ದುರ್ಬಲ ಜೀವಿಗಳು. ಉಳಿದುಕೊಳ್ಳುವುದು ಔಷಧವನ್ನು ತಾಳಿಕೊಂಡವು. ಮುಂದಿನ ಸಲ ಉರಿಯುವುದು ಅವುಗಳ ಸಂತತಿಯಿಂದ. ಹೀಗೆ ಐದಾರು ಬಾರಿ ಆದ ಮೇಲೆ ನುಂಗುವ ಮಾತ್ರೆಗಳೆಲ್ಲ ಸೋತು, ಒಂದು ಮೂತ್ರದ ಸೋಂಕಿಗಾಗಿ ಆಸ್ಪತ್ರೆ ಸೇರಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾದ ಸ್ಥಿತಿ ಬರುತ್ತದೆ. ರೈತಾಪಿ ಕುಟುಂಬಕ್ಕೆ ಅದರ ಖರ್ಚು ಒಂದು ಬೆಳೆಯ ಆದಾಯವನ್ನೇ ನುಂಗಬಲ್ಲುದು.

ಸರ್ಕಾರವು ಸುಮ್ಮನೆ ಕುಳಿತಿಲ್ಲ. 2014ರ ಮಾರ್ಚ್ 1ರಿಂದ ಹಲವು ಆಂಟಿಬಯಾಟಿಕ್‌ಗಳನ್ನು ಎಚ್-1 ಎಂಬ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ನಿಯಮ ಮಾಡಲಾಗಿದೆ. ಮಾತ್ರೆಯ ಹಾಳೆಯ ಮೇಲಿನ ಕೆಂಪು ಗೆರೆಯು ಚೀಟಿಯಿಲ್ಲದೆ ಕೊಳ್ಳಬಾರದ ಔಷಧದ ಗುರುತೆಂದು 2016ರಲ್ಲಿ ದೇಶದಾದ್ಯಂತ ಪ್ರಚಾರವೂ ನಡೆಯಿತು. ನಮ್ಮ ಓದುಗರು ಮನೆಯಲ್ಲಿರುವ ಮಾತ್ರೆಗಳನ್ನೊಮ್ಮೆ ತೆಗೆದು ನೋಡಲಿ. ಕೆಂಪು ಗೆರೆಯ ಅರೆಹಾಳೆಗಳು ಎಷ್ಟಿವೆಯೋ, ಅಷ್ಟು ಚಿಕಿತ್ಸೆಗಳು ಅರ್ಧಕ್ಕೆ ನಿಂತಿವೆ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಸೋಜಿಗವೆಂದರೆ, 1953ರಿಂದ ಬಳಕೆಯಲ್ಲಿರುವ ನೈಟ್ರೊಫ್ಯುರಾಂಟೋಯಿನ್ ಎಂಬ ಹಳೆಯ ಔಷಧಕ್ಕೆ ಇ. ಕೋಲಿ ಇಂದಿಗೂ ಬಹುಮಟ್ಟಿಗೆ ಮಣಿಯುತ್ತದೆ. ಸಾಮಾನ್ಯವಾಗಿ ಐದು ದಿನಗಳ ಚಿಕಿತ್ಸೆ ಸಾಕಾಗುತ್ತದೆ. ನೀರಿನಲ್ಲಿ ಕರಗಿಸಿ ಒಮ್ಮೆ ಮಾತ್ರ ಕುಡಿಯುವ ಫಾಸ್ಫೊಮೈಸಿನ್ ಪುಡಿಯೂ ಹೀಗೆಯೇ ಉಪಯುಕ್ತ. ಆದರೆ ನೈಟ್ರೊಫ್ಯುರಾಂಟೋಯಿನ್ ಮೂತ್ರಾಶಯದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಸೋಂಕು ಮೂತ್ರಪಿಂಡಕ್ಕೆ ಏರಿದ್ದರೆ ಅದು ನಿಷ್ಪ್ರಯೋಜಕ. ಮೂತ್ರಪಿಂಡದ ಶಕ್ತಿ ಕುಂದಿದವರಿಗೂ ಹೆರಿಗೆಯ ದಿನ ಸಮೀಪಿಸಿದ ಗರ್ಭಿಣಿಯರಿಗೂ ಅದು ಸಲ್ಲದು. ಆದ್ದರಿಂದ ಇಲ್ಲಿ ಹೆಸರನ್ನು ಓದಿ ಅಂಗಡಿಗೆ ಹೋಗುವುದಲ್ಲ, ವೈದ್ಯರೊಡನೆ ಮಾತನಾಡಬೇಕು. ಈ ಮಾತ್ರೆಯಿಂದ ಮೂತ್ರವು ಕಡುಹಳದಿ ಇಲ್ಲವೆ ಕಂದು ಬಣ್ಣಕ್ಕೆ ತಿರುಗಬಹುದು, ಗಾಬರಿಯಾಗಬೇಕಾಗಿಲ್ಲ.

ಉರಿಗೆಂದು ಕೊಡುವ ಸಿಹಿಯಾದ ಸಿಟ್ರೇಟ್ ಸಿರಪ್ ಬಗೆಗೂ ಒಂದು ಮಾತು. ಅದು ಮೂತ್ರದ ಹುಳಿಯನ್ನು ತಗ್ಗಿಸಿ ಉರಿಗೆ ಹಿತವೆನಿಸೀತು, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಮೇಲಾಗಿ ಮೂತ್ರದ ಹುಳಿ ತಗ್ಗಿದಾಗ ನೈಟ್ರೊಫ್ಯುರಾಂಟೋಯಿನ್‌ನ ಬಲವೂ ತಗ್ಗುತ್ತದೆ. ಎರಡನ್ನೂ ಒಟ್ಟಿಗೆ ಸೇವಿಸುತ್ತಿರುವವರು ವೈದ್ಯರಿಗೆ ತಿಳಿಸುವುದು ಒಳಿತು.

ಚಿಕಿತ್ಸೆಯ ನಂತರ ಉರಿ ಹೋಗಿದ್ದರೆ ‘ಎಲ್ಲ ಹೋಯಿತೇ ನೋಡೋಣ’ ಎಂದು ಪುನಃ ಕಲ್ಚರ್ ಮಾಡಿಸುವ ಅವಶ್ಯಕತೆಯಿಲ್ಲ. ಗರ್ಭಿಣಿಯರು ಮಾತ್ರ ಇದಕ್ಕೆ ಹೊರತು. ಇದಕ್ಕೆ ವಿರುದ್ಧವಾಗಿ ಚಳಿ ಹಿಡಿದು ಜ್ವರ ಏರಿದರೆ, ಪಕ್ಕೆಯಲ್ಲಿ ಅಥವಾ ಬೆನ್ನಿನ ಒಂದು ಬದಿಯಲ್ಲಿ ನೋವು ಕಾಣಿಸಿಕೊಂಡರೆ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೋಂಕು ಮೂತ್ರಪಿಂಡಕ್ಕೆ ಏರಿದ ಲಕ್ಷಣಗಳಿವು. ಅಲ್ಲಿಂದ ರಕ್ತಕ್ಕೆ ಸೇರಿದರೆ ಪ್ರಾಣಕ್ಕೆ ಅಪಾಯ. ಬೆಳಗಾಗಲಿ, ಸಂತೆಯ ದಿನ ಹೋದರಾಯಿತು ಎಂದು ಕಾಯುವ ಕಾಲವಲ್ಲ ಅದು.

ನೀರು, ಮತ್ತು ತಡೆದಿಡುವ ಅಭ್ಯಾಸ

ತಡೆಗಟ್ಟುವ ಉಪಾಯಗಳಲ್ಲಿ ಮೊದಲನೆಯದು ಹಣ ಬೇಡದ್ದು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಲ್ಗೇರಿಯಾ ದೇಶದಲ್ಲಿ ಸೋಂಕು ಮರುಕಳಿಸುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಸೇವಿಸುತ್ತಿದ್ದ 140 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಎಂದಿನಂತೆಯೇ ಇತ್ತು. ಇನ್ನೊಂದು ಗುಂಪು ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿಯಿತು. ವರ್ಷಾಂತ್ಯಕ್ಕೆ ಎಂದಿನಂತಿದ್ದವರಲ್ಲಿ ಸರಾಸರಿ 3.2 ಬಾರಿ ಸೋಂಕು ಬಂದಿತ್ತು. ನೀರು ಹೆಚ್ಚಿಸಿದವರಲ್ಲಿ 1.7 ಬಾರಿ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬಲ್ಗೇರಿಯಾದ ತಂಪು ಹವೆಯಲ್ಲಿಯೇ ಇಷ್ಟಾದರೆ ಕಲಬುರಗಿ, ರಾಯಚೂರುಗಳ ಬಿಸಿಲಿನಲ್ಲಿ ಬೆವರಿ ದುಡಿಯುವವರು ಎಷ್ಟು ಕುಡಿಯಬೇಕೆಂಬುದನ್ನು ಊಹಿಸಬಹುದು. ಮೂತ್ರವು ಒಣಹುಲ್ಲಿನಂತೆ ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆ. ಎಣ್ಣೆಯಂತೆ ಗಾಢವಾಗಿದ್ದರೆ ಸಾಲದು. ಹೃದಯದ ದೌರ್ಬಲ್ಯ, ಮೂತ್ರಪಿಂಡದ ವೈಫಲ್ಯ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಹಿಡಿಯಬಾರದ ಶರೀರವೇಗಗಳನ್ನು ಕುರಿತದ್ದು. ಅಲ್ಲಿ ಎಣಿಸಿರುವ ಹದಿಮೂರು ವೇಗಗಳಲ್ಲಿ ಮೊದಲನೆಯದೇ ಮೂತ್ರ. ಬಾಯಾರಿಕೆಯೂ ಅದೇ ಪಟ್ಟಿಯಲ್ಲಿದೆ. ನಮ್ಮ ಹೆಣ್ಣುಮಕ್ಕಳು ಎರಡನ್ನೂ ತಡೆಯುತ್ತಾರೆ, ಒಂದನ್ನು ತಡೆಯುವುದಕ್ಕಾಗಿ ಇನ್ನೊಂದನ್ನು. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲವೆಂದು ಹುಡುಗಿಯು ಬೆಳಗಿನಿಂದ ನೀರು ಕುಡಿಯುವುದಿಲ್ಲ. ಹೊಲಕ್ಕೆ ಕಳೆ ತೆಗೆಯಲು ಹೋದವಳು ಕತ್ತಲಾಗುವವರೆಗೆ ಕಾಯುತ್ತಾಳೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವಳು ಊಟದ ಗಂಟೆಯವರೆಗೆ ಏಳಲು ಹಿಂಜರಿಯುತ್ತಾಳೆ. ದೂರದ ಬಸ್ ಪ್ರಯಾಣವೆಂದರಂತೂ ಹಿಂದಿನ ರಾತ್ರಿಯಿಂದಲೇ ನೀರಿಗೆ ವ್ರತ. ಇವರಿಗೆ ‘ನೀರು ಕುಡಿಯಿರಿ’ ಎಂದು ಉಪದೇಶಿಸುವುದು ಸುಲಭ. ಮೊದಲು ಬಾಗಿಲಿರುವ, ನೀರಿರುವ ಶೌಚಾಲಯ ಬೇಕು.

ಈ ವಿಚಾರವು ನಮ್ಮ ಅಂಗಳಕ್ಕೂ ಬರುತ್ತದೆ. ಯುಗಾದಿಗೆ ಮುನ್ನ ಸುಡುಬಿಸಿಲಿನಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಉತ್ತರ ಕರ್ನಾಟಕದ ಭಕ್ತರಲ್ಲಿ ತಾಯಂದಿರೂ ಬಹಳ. ದಾರಿಯುದ್ದಕ್ಕೂ ದಾಸೋಹಕ್ಕೆ, ನೀರು ಮಜ್ಜಿಗೆಗೆ ಕೊರತೆಯಿಲ್ಲ. ಕುಡಿದದ್ದನ್ನು ವಿಸರ್ಜಿಸಲು ಮರೆಯಾದ ಸ್ಥಳಕ್ಕೆ ಕೊರತೆ. ಜಾತ್ರೆಗಳಲ್ಲಿ, ಶ್ರಾವಣದ ಪ್ರವಚನಗಳಲ್ಲಿ ಮೂರು ತಾಸು ಚಾಪೆಯ ಮೇಲೆ ಕುಳಿತ ತಾಯಂದಿರ ನಡುವಿನಿಂದ ಎದ್ದು ಹೋಗುವುದು ಅವಿನಯವೆಂದು ಭಾವಿಸಿ ತಡೆದುಕೊಳ್ಳುತ್ತಾರೆ. ಎದ್ದು ಹೋಗುವುದು ಅವಿನಯವಲ್ಲ. ದಾಸೋಹಕ್ಕೆ ಅಕ್ಕಿ ಬೇಳೆ ಎತ್ತುವ ಉತ್ಸಾಹದ ಹತ್ತನೆಯ ಒಂದು ಪಾಲಾದರೂ ತಾಯಂದಿರ ಶೌಚಾಲಯಕ್ಕೆ ಮೀಸಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ಬಾರ್ಲಿ ಗಂಜಿ, ಕೊತ್ತಂಬರಿ ಬೀಜದ ಕಷಾಯ, ಎಳನೀರು, ಬಾಳೆದಿಂಡಿನ ರಸಗಳನ್ನು ನಾವು ನಿರಾಕರಿಸುವುದಿಲ್ಲ. ಅವುಗಳಿಂದ ಒಳಗೆ ನೀರು ಹೋಗುತ್ತದೆ, ಹಿತವೂ ಆಗುತ್ತದೆ. ಸೋಂಕನ್ನು ಗುಣಪಡಿಸುವ ಔಷಧವೆಂದು ಮಾತ್ರ ಅವನ್ನು ನಂಬಿ ಕೂರಬಾರದು. ಮೂತ್ರಪಿಂಡದ ಕಾಯಿಲೆಯವರು ಎಳನೀರಿನಿಂದ ದೂರವಿರಬೇಕು. ಅದರಲ್ಲಿರುವ ಪೊಟ್ಯಾಸಿಯಂ ಅವರ ಹೃದಯಕ್ಕೆ ಅಪಾಯ.

ಮುಟ್ಟು ನಿಂತ ಮೇಲೆ

ಐವತ್ತು ದಾಟಿದ ತಾಯಂದಿರಲ್ಲಿ ಈ ಬಾಧೆ ಹೊಸದಾಗಿ ಆರಂಭವಾಗುವುದುಂಟು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಕುಗ್ಗಿ, ಆ ಭಾಗದ ಚರ್ಮ ತೆಳುವಾಗಿ ಒಣಗುತ್ತದೆ; ಹಿಂದೆ ಹೇಳಿದ ಒಳ್ಳೆಯ ಬ್ಯಾಕ್ಟೀರಿಯಾಗಳು ಕಾಣೆಯಾಗಿ ಇ. ಕೋಲಿ ಆ ಜಾಗದಲ್ಲಿ ನೆಲೆಸುತ್ತದೆ. ಇದಕ್ಕೆ ಸರಳವಾದ ಉಪಾಯವೊಂದಿದೆ: ಯೋನಿಯೊಳಗೆ ಹಚ್ಚುವ ಈಸ್ಟ್ರೊಜೆನ್ ಮುಲಾಮು. 1993ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದರಲ್ಲಿ 93 ಮಹಿಳೆಯರು ಭಾಗವಹಿಸಿದ್ದರು. ಬರಿಯ ಮುಲಾಮು ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಬಾರಿ ಸೋಂಕು ಬಂದರೆ, ಈಸ್ಟ್ರೊಜೆನ್ ಇದ್ದ ಮುಲಾಮು ಹಚ್ಚಿದವರಿಗೆ ಬಂದದ್ದು 0.5 ಬಾರಿ. ಇಷ್ಟು ದೊಡ್ಡ ಅಂತರವನ್ನು ತೋರಿಸುವ ಉಪಾಯಗಳು ವೈದ್ಯಶಾಸ್ತ್ರದಲ್ಲಿ ವಿರಳ.

ಇಷ್ಟಾಗಿಯೂ ನಮ್ಮ ತಾಯಂದಿರಲ್ಲಿ ಬಹುಮಂದಿಗೆ ಇದರ ಹೆಸರೇ ತಿಳಿಯದು. ವಯಸ್ಸಾದವರಿಗೆ ಅಂತಹ ಮುಲಾಮು ಏಕೆ ಎಂದು ಕೇಳುವವರಿಗೂ ಕಡಿಮೆಯಿಲ್ಲ. ಇದು ಔಷಧ; ಸಂಕೋಚಕ್ಕೆ ಇಲ್ಲಿ ಎಡೆಯಿಲ್ಲ. ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪ. ನುಂಗುವ ಹಾರ್ಮೋನು ಮಾತ್ರೆಯಿಂದ ಈ ಪ್ರಯೋಜನ ದೊರೆಯುವುದಿಲ್ಲ. ಸ್ತನದ ಕ್ಯಾನ್ಸರ್ ಆಗಿದ್ದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಬಳಸಬೇಕು. ಅತ್ತೆಗೆ ಹೇಳಲಾಗದ್ದನ್ನು ಸೊಸೆಯು ವೈದ್ಯರ ಬಳಿ ಕೇಳಬಹುದು. ಓದುಬರಹ ಬಲ್ಲ ಹೆಣ್ಣುಮಕ್ಕಳು ಈ ಪುಟವನ್ನು ಮನೆಯ ಹಿರಿಯರಿಗೆ ಓದಿ ಹೇಳಲಿ.

ದಾಂಪತ್ಯ

ಮದುವೆಯಾದ ಹೊಸತರಲ್ಲಿ ಉರಿಮೂತ್ರ ಕಾಣಿಸಿಕೊಂಡಾಗ ಮನೆಗಳಲ್ಲಿ ಇಲ್ಲದ ಅನುಮಾನಗಳು ಹುಟ್ಟುತ್ತವೆ. ಸಹವಾಸದ ವೇಳೆ ಹೊರಭಾಗದ ಬ್ಯಾಕ್ಟೀರಿಯಾಗಳು ಗಿಡ್ಡವಾದ ಹೊರನಾಳದೊಳಗೆ ಸರಿಯುವುದೇ ಇದಕ್ಕೆ ಕಾರಣ. ಇದು ಗಂಡನಿಂದ ಹೆಂಡತಿಗೆ ಅಂಟುವ ಲೈಂಗಿಕ ರೋಗವಲ್ಲ. ಯಾರ ಶೀಲದ ಪ್ರಶ್ನೆಯೂ ಇಲ್ಲಿಲ್ಲ. ಸಹವಾಸದ ನಂತರ ಮೂತ್ರ ಮಾಡುವ ಅಭ್ಯಾಸಕ್ಕೆ ಗಟ್ಟಿಯಾದ ಪುರಾವೆ ಇಲ್ಲದಿದ್ದರೂ ಅದರಿಂದ ಹಾನಿಯಿಲ್ಲ. ವೀರ್ಯನಾಶಕ ಲೇಪನವಿರುವ ಕಾಂಡೋಮುಗಳು ಸೋಂಕನ್ನು ಹೆಚ್ಚಿಸುತ್ತವೆ, ಅವನ್ನು ಬದಲಿಸಬೇಕು. ಪ್ರತಿ ಸಲವೂ ಸಹವಾಸದ ನಂತರವೇ ಸೋಂಕು ಬರುವುದೆಂದು ಖಚಿತವಾದರೆ, ಅಂದು ಒಂದೇ ಒಂದು ಮಾತ್ರೆಯನ್ನು ಸೇವಿಸುವ ಕ್ರಮವನ್ನು ವೈದ್ಯರು ಸೂಚಿಸಬಲ್ಲರು. ಅದಕ್ಕಾಗಿ ಅವರಿಗೆ ನಿಜ ಸಂಗತಿಯನ್ನು ಹೇಳಬೇಕು.

ಉಳಿದ ಉಪಾಯಗಳು

ಕ್ರ್ಯಾನ್‌ಬೆರಿಯ ಹೆಸರು ಈಗ ನಮ್ಮ ಊರುಗಳ ಔಷಧಿ ಅಂಗಡಿಗೂ ಬಂದಿದೆ. 50 ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯ ಪ್ರಕಾರ, ಸೋಂಕು ಮರುಕಳಿಸುವ ಮಹಿಳೆಯರಲ್ಲಿ ಅದು ಅಪಾಯವನ್ನು ಸುಮಾರು ಕಾಲುಭಾಗದಷ್ಟು ತಗ್ಗಿಸುತ್ತದೆ. ಬಂದ ಸೋಂಕನ್ನು ಅದು ಗುಣಪಡಿಸದು. ಬೆಲೆ ದುಬಾರಿ, ಕೊಳ್ಳಲಾಗದವರು ಕೊರಗಬೇಕಾಗಿಲ್ಲ. ಡಿ-ಮ್ಯಾನೋಸ್ ಎಂಬ ಸಕ್ಕರೆಯ ಪುಡಿಯನ್ನು ಕೊಳ್ಳಲೇಬೇಡಿ ಎನ್ನುತ್ತೇವೆ: ಬ್ರಿಟನ್ನಿನಲ್ಲಿ 598 ಮಹಿಳೆಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ.

ಮೆಥೆನಮಿನ್ ಹಿಪ್ಯುರೇಟ್ ಎಂಬುದು ಹೆಚ್ಚು ಭರವಸೆಯ ಔಷಧ. ಅದು ಆಂಟಿಬಯಾಟಿಕ್ ಅಲ್ಲ. ಹುಳಿಮೂತ್ರದಲ್ಲಿ ಒಡೆದು ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಬ್ರಿಟನ್ನಿನಲ್ಲಿಯೇ 240 ಮಹಿಳೆಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ದಿನನಿತ್ಯದ ಆಂಟಿಬಯಾಟಿಕ್‌ಗೆ ಹತ್ತಿರದ ಫಲವನ್ನೇ ಕೊಟ್ಟಿತು: ವರ್ಷಕ್ಕೆ 1.38 ಬಾರಿ ಸೋಂಕು, ಆಂಟಿಬಯಾಟಿಕ್ ನುಂಗಿದವರಲ್ಲಿ 0.89 ಬಾರಿ. ನಿತ್ಯವೂ ಕಡಿಮೆ ಪ್ರಮಾಣದಲ್ಲಿ ಆಂಟಿಬಯಾಟಿಕ್ ನುಂಗಿ ಸೋಂಕನ್ನು ತಡೆಯುವ ಕ್ರಮ ಕೊನೆಯ ಉಪಾಯ. ನುಂಗುವಷ್ಟು ದಿನ ಅದು ಕಾಯುತ್ತದೆ, ನಿಲ್ಲಿಸಿದ ಮೇಲೆ ಸೋಂಕು ಮರಳಬಹುದು. ದೀರ್ಘಕಾಲ ನುಂಗಿದರೆ ಕೆಲವು ಔಷಧಗಳು ಶ್ವಾಸಕೋಶಕ್ಕೂ ಯಕೃತ್ತಿಗೂ ಹಾನಿ ಮಾಡಬಲ್ಲವು.

ಗಂಡಸರಲ್ಲಿ ಸೋಂಕು ಮರುಕಳಿಸಿದರೆ ಪ್ರಾಸ್ಟೇಟ್ ಗ್ರಂಥಿಯನ್ನು ತಪಾಸಣೆ ಮಾಡಿಸಲೇಬೇಕು. ಮಕ್ಕಳಲ್ಲಿ ಕಾರಣವಿಲ್ಲದ ಜ್ವರ ಪದೇ ಪದೇ ಬಂದರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಮಲಬದ್ಧತೆಯಿದ್ದರೆ ಅದನ್ನೂ ಸರಿಪಡಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಉಳಿದೆಲ್ಲ ಪ್ರಯತ್ನವೂ ಅರೆಮನಸ್ಸಿನದೇ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ಸೇವಿಸುವವರಲ್ಲಿ ಗುಪ್ತಾಂಗದ ತುರಿಕೆ, ಉರಿ ಕಂಡುಬಂದರೆ ಅದು ಬೂಷ್ಟಿನ ಸೋಂಕಾಗಿರಬಹುದು. ಆಂಟಿಬಯಾಟಿಕ್‌ನಿಂದ ಅದು ಇನ್ನಷ್ಟು ಹೆಚ್ಚುತ್ತದೆ.

ಕೊನೆಯದಾಗಿ ಮನೆಯಲ್ಲಿರುವ ವೃದ್ಧರ ವಿಚಾರ. ವಯಸ್ಸಾದ ಅನೇಕರ ಮೂತ್ರದಲ್ಲಿ ಯಾವ ಬಾಧೆಯನ್ನೂ ಕೊಡದೆ ಬ್ಯಾಕ್ಟೀರಿಯಾಗಳು ವಾಸಿಸುತ್ತಿರುತ್ತವೆ. ಬೇರಾವುದೋ ಕಾರಣಕ್ಕೆ ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ಅವು ಕಾಣುತ್ತವೆ, ಮಕ್ಕಳು ಗಾಬರಿಯಿಂದ ಮಾತ್ರೆ ಕೊಡಿಸುತ್ತಾರೆ. ಉರಿ, ಜ್ವರ, ನೋವುಗಳಿಲ್ಲದಿದ್ದರೆ ಇದಕ್ಕೆ ಚಿಕಿತ್ಸೆ ಬೇಕಿಲ್ಲ. ಗರ್ಭಿಣಿಯರಿಗೂ ಮೂತ್ರಾಂಗಗಳ ಶಸ್ತ್ರಚಿಕಿತ್ಸೆಗೆ ಸಿದ್ಧರಾದವರಿಗೂ ಮಾತ್ರ ಬೇಕು. ಹಾಸಿಗೆ ಹಿಡಿದ ಹಿರಿಯರಿಗೆ ಬಹುಕಾಲ ಕ್ಯಾಥೆಟರ್ ನಳಿಕೆ ಹಾಕಿದ್ದರೆ ಅವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಜ್ವರ ಬಂದಾಗ ಮಾತ್ರ ಪರೀಕ್ಷಿಸಬೇಕು. ಅದೂ ಹಳೆಯ ನಳಿಕೆಯನ್ನು ತೆಗೆಸಿ ಹೊಸದನ್ನು ಹಾಕಿಸಿದ ಮೇಲೆ, ಹೊಸ ನಳಿಕೆಯಿಂದ ಬಂದ ಮೂತ್ರವನ್ನೇ. ಚೀಲದಲ್ಲಿ ನಿಂತ ಮೂತ್ರವನ್ನು ಎಂದೂ ಪರೀಕ್ಷೆಗೆ ಕೊಡಬಾರದು.